ತಂಗಿಯ ಹೆಸರಿನಲ್ಲಿ ಕೊಟ್ಟ ನನ್ನ ರಕ್ತ

ಹೇಳಿಕೆ ಕೊಡುವವರು: ದೂರುದಾರರ ಹೆಂಡತಿಯ ಅಕ್ಕ, ವಯಸ್ಸು 51 ವರ್ಷ, ಹೊಲಿಗೆ ಕೆಲಸ, ವಾಸ ಬಸ್ ನಿಲ್ದಾಣದ ಹಿಂದಿನ ಎರಡನೇ ಅಡ್ಡರಸ್ತೆ, ಔಷಧಿ ಅಂಗಡಿಯ ಮಹಡಿ. ಕರೆದ ಮೇರೆಗೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂಗಿಗೆ 44 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೊಟ್ಟೆಯ ಜೋಲು ಚರ್ಮ ತೆಗೆಸಬೇಕೆಂದು ಅವಳಿಗೆ ಬಹಳ ಆಸೆ. ಅವಳ ಬಟ್ಟೆ ಹೊಲಿಯುತ್ತಿದ್ದವಳು ನಾನೇ. ಅಳತೆ ತೆಗೆಯುವಾಗಲೆಲ್ಲ ಟೇಪು ಸಾಲದು, ಹಗ್ಗ ತಾ ಎಂದು ಕೀಟಲೆ ಮಾಡುತ್ತಿದ್ದೆ. ಈಗ ನನ್ನ ನಾಲಿಗೆ ಕಿತ್ತುಕೊಳ್ಳಬೇಕೆನ್ನಿಸುತ್ತದೆ.

ನಾಲ್ಕು ತಿಂಗಳ ಹಿಂದೆ ಸೌಂದರ್ಯ ಚಿಕಿತ್ಸೆಯ ವೈದ್ಯರು, ಮೂರು ತಿಂಗಳ ಸಕ್ಕರೆಯ ಸರಾಸರಿ ಏಳಕ್ಕಿಂತ ಕೆಳಗಿಳಿಯದೆ ಆಪರೇಷನ್ ಮಾಡುವುದಿಲ್ಲ, ಗಾಯ ಮಾಯುವುದಿಲ್ಲ ಎಂದು ನನ್ನೆದುರೇ ಹೇಳಿದರು. ತಂಗಿಗೆ ಹತ್ತೂವರೆ ಇತ್ತು. ಈ ತಿಂಗಳ 3ರಂದು ಬೆಳಿಗ್ಗೆ 7.40ಕ್ಕೆ ಅವಳು ನನ್ನನ್ನು ರಕ್ತ ಪರೀಕ್ಷೆಯ ಲ್ಯಾಬಿಗೆ ಕರೆದೊಯ್ದಳು. "ಹೆಸರು ಕೇಳಿದ್ರೆ ನಂದು ಹೇಳಕ್ಕಾ, ಸಾಕು" ಎಂದಳು. ಬೇಡ ಕಣೇ ಎಂದೆ. ಅತ್ತಳು. ಚಿಕ್ಕಂದಿನಿಂದ ಅವಳು ಅತ್ತರೆ ನಾನು ಕರಗುವವಳು. ಎಡಗೈ ಚಾಚಿದೆ. ಸಂಜೆ ಬಂದ ರಿಪೋರ್ಟ್‌ನಲ್ಲಿ ಅವಳ ಹೆಸರಿನ ಮುಂದೆ 5.6 ಎಂದಿತ್ತು.

7ರಂದು ಬೆಳಿಗ್ಗೆ 9.15ಕ್ಕೆ ಅವಳನ್ನು ಆಪರೇಷನ್‌ಗೆ ಒಳಗೆ ಕರೆದರು. ಅದಕ್ಕೂ ಮೊದಲು ಬೆರಳು ಚುಚ್ಚಿ ಸಕ್ಕರೆಯನ್ನು ಮತ್ತೆ ಪರೀಕ್ಷಿಸಿದರೋ ಇಲ್ಲವೋ, ನಾನಂತೂ ಕಾಣಲಿಲ್ಲ. ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಬಾಯಿ ಬಿಡಲಿಲ್ಲ.

12ರಂದು ಹೊಲಿಗೆಯ ಸುತ್ತ ಚರ್ಮ ಕಪ್ಪಾಗಿ 103 ಡಿಗ್ರಿ ಜ್ವರ ಬಂತು. ಮಧ್ಯಾಹ್ನ 2 ಗಂಟೆಗೆ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಇಷ್ಟು ಸಕ್ಕರೆ ಇದ್ದವರಿಗೆ ಆಪರೇಷನ್ ಹೇಗೆ ಮಾಡಿದರು ಎಂದು ಅಲ್ಲಿನ ವೈದ್ಯೆ ಕೇಳಿದರು. ರಿಪೋರ್ಟ್ ಚೆನ್ನಾಗಿತ್ತಂತೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದೆ. ವೈದ್ಯೆ ಆಚೆ ಹೋದ ಮೇಲೆ ತಂಗಿ ನನ್ನ ಕೈ ಹಿಡಿದು, "ನಮ್ಮನೆಯವ್ರಿಗೆ ಹೇಳ್ಬೇಡಕ್ಕಾ, ಹುಷಾರಾದ್ಮೇಲೆ ನಾನೇ ಹೇಳ್ತೀನಿ" ಎಂದಳು. ಕೊಳೆತ ಭಾಗವನ್ನು ಎರಡು ಸಲ ಕತ್ತರಿಸಿ ತೆಗೆದರು. 16ರಂದು ಬೆಳಿಗ್ಗೆ 11.20ಕ್ಕೆ ತೀರಿಕೊಂಡಳು.

ಅವಳ ಗಂಡ ಆಪರೇಷನ್ ಮಾಡಿದ ವೈದ್ಯರ ಮೇಲೆ ದೂರು ಕೊಟ್ಟಿದ್ದಾರೆ. ವೈದ್ಯರ ತಪ್ಪೆಷ್ಟೋ ನನಗೆ ಗೊತ್ತಿಲ್ಲ. ನನ್ನದು ಗೊತ್ತು. ಅವರೀಗ ಈ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನಾನು ಒಳಗೆ ಬರುವಾಗ, "ಹೆದರ್ಬೇಡಿ ಅಕ್ಕಾ, ಸತ್ಯ ನಮ್ ಕಡೆ ಇದೆ" ಎಂದರು. ಇದನ್ನು ಅವರಿಗೆ ನೀವೇ ತಿಳಿಸುತ್ತೀರಾ ಎಂದು ಅಧಿಕಾರಿಯವರನ್ನು ಕೇಳಿದೆ. ಮೊದಲು ಸಹಿ ಹಾಕಿ ಎಂದರು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ. ಎಲ್ಲವೂ ನಿಜ.

ಸ್ಥಳ: ಠಾಣೆ
ದಿನಾಂಕ: 19, ಮಧ್ಯಾಹ್ನ 12.50
ಸಹಿ: (ಮೃತಳ ಅಕ್ಕ)