ಚಟಪಟ ಅನ್ನುವ ಪವರ್ ಸಪ್ಲೈ

ನೀಶ್ ಪಟ್ಟಣದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಿಲುಂಕಾಳ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಮನೆಯಿಂದಲೇ ಕಂಪನಿಯೊಂದಕ್ಕೆ ಟೈಪ್ ಮಾಡುವ ರಾದೋಯ್ಕಾ, ರಿಪೇರಿ ಬಲ್ಲ ಗೆಳತಿ ಜಾಗೊರ್ಕಾಳಿಗೆ ಕಂಪ್ಯೂಟರಿನ ದೂರು ಹೇಳುತ್ತಿದ್ದಳು.

“ಪವರ್ ಸಪ್ಲೈ ಕರಕರ ಅಂತಿತ್ತು ಕಣೇ.”

“ಅದು ಫ್ಯಾನು.”

“ಈಗ ಚಟಪಟ ಅಂತಿದೆ.”

“ಮೇಲೇನಾದ್ರೂ ಮುಚ್ಚಿದ್ದೀಯಾ?”

“ಅಮ್ಮ ಕ್ರೋಶಾ ಬಟ್ಟೆ ಹೊದಿಸ್ತಾಳೆ. ಬೋಳು ಪೆಟ್ಟಿಗೆ ಕಂಡ್ರೆ ಮನೆ ಮರ್ಯಾದೆ ಹೋಗುತ್ತಂತೆ.”

“ಭೇಷ್, ಗಾಳಿಕಿಂಡಿಗೇ ಶಾಲು. ಸುಟ್ಟ ವಾಸನೆ?”

“ಬೆಳಿಗ್ಗೆಯಿಂದ.”

“ಪ್ಲಗ್ ಕಿತ್ತು ಬಂದೆ ತಾನೆ?”

“ಮೆಷಿನ್ ನಿಂತ್ರೆ ಕಂಪನಿಯೋರು ಗೈರುಹಾಜರಿ ಹಾಕ್ತಾರೆ. ಇನ್ನೊಂದಾದ್ರೆ ಕೆಲಸ ಹೋಯ್ತು.”

“ಅಮ್ಮ ಎಲ್ಲಿ?”

“ಅದೇ ಕೋಣೇಲಿ ಮಲಗಿದ್ದಾಳೆ.”

“ಅಮ್ಮನ್ನ ಸುಟ್ಟು ಹಾಜರಿ ತಗೋತೀಯಾ? ನಡಿ.”

ಬಸ್ಸು ಬಂದು ಬಾಗಿಲು ತೆರೆಯಿತು. ಇಬ್ಬರೂ ಹತ್ತಲಿಲ್ಲ; ಬಂದ ದಾರಿಯಲ್ಲೇ ಓಡಿದರು. ರಾದೋಯ್ಕಾ ಮುಂದಿದ್ದಳು.