ಒಂದನೇ ನಂಬರಿನ ಬಿಲ್ಲೆ

ನನಗಿಂತ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ಅಂದರೆ ನಮ್ಮ ಗಣಿಯ ಮ್ಯಾನೇಜರ್ ಸಾಹೇಬರೇ, ನನ್ನನ್ನು ಹೊಗಳಿ ಹೊಗಳಿ ಗಂಟಲು ಕಟ್ಟಿಸಿಕೊಂಡ ಅತಿಥಿಗಳೇ, ‘ಬೇಗ ಮುಗಿಸಿ’ ಎಂದು ಮುಂದಿನ ಸಾಲಿನಿಂದ ಕಣ್ಣಲ್ಲೇ ಗದರುತ್ತಿರುವ ನನ್ನ ಹೆಂಡತಿಯೇ, ಮತ್ತು ಇಷ್ಟು ಬೆಳಕಿನಲ್ಲಿ ಕೂತು ಅಭ್ಯಾಸವಿಲ್ಲದೆ ಕಣ್ಣು ಕಿರಿದು ಮಾಡಿಕೊಂಡಿರುವ ನನ್ನ ಕೆಲಸಗಾರ ಸಭಿಕರೇ,

ಈ ಫಲಕದ ಮೇಲೆ ‘ಮೂವತ್ತೊಂದು ವರ್ಷ ಒಂದೂ ನಿಯಮ ಮೀರದ ಗುತ್ತಿಗೆದಾರ’ ಎಂದು ಕೆತ್ತಿಸಿದ್ದೀರಿ. ಕೆತ್ತಿದ್ದನ್ನು ಅಳಿಸಲಾಗುವುದಿಲ್ಲ. ಆದ್ದರಿಂದ ನಾನೂ ಸುಮ್ಮನೆ ಒಪ್ಪಿಕೊಂಡಿದ್ದೇನೆ.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ಏಳರಲ್ಲೇ ಎರಡು ವರ್ಷ ಕೂತಿದ್ದರಿಂದ ಎಂಟಾಯಿತು ಎಂಬುದು ನನ್ನ ಲೆಕ್ಕ. ಅಷ್ಟು ವಿದ್ಯೆಯಲ್ಲೇ ಐದು ದೇಶಗಳ ಹೊಟ್ಟೆಯೊಳಗೆ ಹೊಕ್ಕು ಬಂದಿದ್ದೇನೆ. ನಮ್ಮ ಮೇಷ್ಟರು, ‘ನೀನು ಉದ್ಧಾರ ಆಗಲ್ಲ ಕಣೋ, ದಿನಾ ಕೆಳಗೇ ಹೋಗ್ತಿದ್ದೀಯ’ ಎನ್ನುತ್ತಿದ್ದರು. ಎಂಥ ದೂರದೃಷ್ಟಿ ನೋಡಿ! ಎಂಟುನೂರು ಮೀಟರ್ ಕೆಳಗೆ ಹೋದೆ, ಉದ್ಧಾರವೂ ಆದೆ.

ಸಭಿಕರೇ, ಅದಿರು ಮಾಲೀಕರದು. ನಕ್ಷೆ ಇಂಜಿನಿಯರರದು. ಆದರೆ ಆ ಅದಿರಿನ ತನಕ ಸುರಂಗ ಕೊರೆಯುವವರು ಯಾರು? ಪಾತಾಳಕ್ಕೆ ಬಾವಿ ಇಳಿಸುವವರು ಯಾರು? ಕೆಳಗಿನವರು ಉಸಿರಾಡಲು ಗಾಳಿಕಿಂಡಿ ಮಾಡುವವರು ಯಾರು? ನಾವು, ಗುತ್ತಿಗೆದಾರರು. ಯಾವ ದೇಶದಲ್ಲಿ ಕರೆದರೂ ಯಂತ್ರ, ಜನ ಎರಡನ್ನೂ ಕಟ್ಟಿಕೊಂಡು ಹೋಗುತ್ತೇವೆ. ದಾರಿ ಮಾಡಿಕೊಡುತ್ತೇವೆ. ಉದ್ಘಾಟನೆಯ ದಿನ ಇನ್ನೊಂದು ದೇಶದಲ್ಲಿ ಇನ್ನೊಂದು ಬಂಡೆಗೆ ತೂತು ಹಾಕುತ್ತಿರುತ್ತೇವೆ. ಮದುವೆಮನೆಯ ಅಡುಗೆಯವರ ಹಾಗೆ. ಊಟವನ್ನು ಎಲ್ಲರೂ ಹೊಗಳುತ್ತಾರೆ, ಫೋಟೋದಲ್ಲಿ ಮಾತ್ರ ನಾವಿರುವುದಿಲ್ಲ.

ನಾನು ಮಾತ್ರ ಇದ್ದೇನೆ. ಹಿಂದೆ ತೂಗುಹಾಕಿದ್ದಾರೆ, ನೋಡಿ. ಗಣಿದೀಪಗಳನ್ನು ಇಡುವ ಲ್ಯಾಂಪ್ ರೂಮಿನಲ್ಲಿ ಪೊರಕೆ ಹಿಡಿದು ನಿಂತಿದ್ದೇನೆ. ಕೆಳಗೆ ‘ಸ್ವಚ್ಛತೆಗೆ ಮಾದರಿಯಾದ ಧಣಿ’ ಎಂದು ಬರೆದಿದೆ. ಆ ಫೋಟೋದ ವಿಷಯ ಹೇಳಬೇಕೆಂದು ನಾನೇನೂ ಬಂದಿರಲಿಲ್ಲ. ಆದರೆ ಬೆಳಿಗ್ಗೆ ಅಧ್ಯಕ್ಷರು ಒಂದು ಪ್ರಶ್ನೆ ಕೇಳಿಬಿಟ್ಟರು.

ಇವತ್ತಿಗೆ ನಾನು ನಿವೃತ್ತ. ನನ್ನ ಜಾಗಕ್ಕೆ ಯಾರು ಎಂದು ಇದೇ ವೇದಿಕೆಯಲ್ಲಿ ಹೇಳಬೇಕು. ನಾನು ಹೇಳಿದವರ ಜೊತೆ ಕೆಲಸ ಮುಂದುವರಿಸುತ್ತೇವೆ ಎಂದು ಕಂಪನಿಯವರು ಮಾತು ಕೊಟ್ಟಿದ್ದಾರೆ. ಮೂರನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಾಳಲ್ಲ, ಅವಳು ನನ್ನ ತಮ್ಮನ ಮಗಳು. ಒಂಬತ್ತು ವರ್ಷದಿಂದ ನಮ್ಮ ಪಾಳಿಯ ಉಸ್ತುವಾರಿ. ಅವಳನ್ನು ಇನ್ನೊಬ್ಬ ಗುತ್ತಿಗೆದಾರರು ದೂರದ ದೇಶಕ್ಕೆ ಕರೆದಿದ್ದಾರೆ, ಸಂಜೆಯೊಳಗೆ ಉತ್ತರ ಕೊಡಬೇಕಂತೆ. ‘ದೊಡ್ಡಪ್ಪ, ನೀವು ಹೇಳೋದು ಕೇಳ್ಕೊಂಡು ಆಮೇಲೆ ಬರೀತೀನಿ’ ಎಂದಿದ್ದಾಳೆ. ಇತ್ತ ಅಧ್ಯಕ್ಷರು ನನ್ನ ಕಿವಿಯಲ್ಲಿ, ‘ಹುಡುಗಿ ಬುದ್ಧಿವಂತೆ, ಆದ್ರೆ ಸ್ವಲ್ಪ ಹಠಮಾರಿ ಅಲ್ವಾ? ಹೊಂದ್ಕೊಂಡು ಹೋಗೋರು ಬೇರೆ ಯಾರೂ ಇಲ್ವಾ?’ ಎಂದರು.

ಹಠಮಾರಿಯೇ? ಹೇಳುತ್ತೇನೆ, ಕೇಳಿ.

ಅತಿಥಿಗಳಿಗೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಗಣಿಯ ಬಾಯಲ್ಲಿ ಎರಡು ಹಲಗೆಗಳಿವೆ. ಒಂದು ‘ಮೇಲೆ’, ಇನ್ನೊಂದು ‘ಕೆಳಗೆ’. ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಅದನ್ನು ‘ಕೆಳಗೆ’ ಹಲಗೆಗೆ ಹಾಕಬೇಕು, ಹತ್ತಿ ಬಂದಮೇಲೆ ‘ಮೇಲೆ’ ಹಲಗೆಗೆ ಮರಳಿಸಬೇಕು. ಆ ಎರಡು ಹಲಗೆ ಬಿಟ್ಟು ಬಿಲ್ಲೆ ಎಲ್ಲಿಗೂ ಹೋಗುವ ಹಾಗಿಲ್ಲ. ತಪ್ಪಿದರೆ ಯಾರೇ ಆಗಲಿ ಒಂದು ವಾರ ಲ್ಯಾಂಪ್ ರೂಮು ಗುಡಿಸಬೇಕು. ಈ ನಿಯಮ ಮಾಡಿದವನು ಯಾರು? ನಾನೇ! ಒಂದನೇ ನಂಬರಿನ ಬಿಲ್ಲೆ ಯಾರದು? ಅದೂ ನನ್ನದೇ!

ಅವಳು ಉಸ್ತುವಾರಿ ವಹಿಸಿಕೊಂಡ ಮೊದಲ ವಾರ. ನಾನು ಬೆಳಿಗ್ಗೆ ಬಿಲ್ಲೆ ಹಾಕಿ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿದೆ. ಕೆಳಗೆ ಯಂತ್ರ ಮಾರುವವನೊಬ್ಬ ಜೀಪು ತಂದಿದ್ದ. ‘ಯಜಮಾನ್ರೇ, ಊಟಕ್ಕೆ ಬರ್ಲೇಬೇಕು’ ಎಂದ. ಊಟಕ್ಕೆ ಕರೆದರೆ ಇಲ್ಲ ಎನ್ನುವುದು ನನ್ನ ಜಾತಕದಲ್ಲೇ ಇಲ್ಲ. ಜೀಪು ಹತ್ತಿ ಆಚೆ ಬದಿಯ ಇಳಿಜಾರು ಸುರಂಗದಿಂದ ಹೊರಗೆ ಬಂದೆ. ಹೊಟ್ಟೆ ಬಿರಿಯುವಂತೆ ಉಂಡೆ. ಮನೆಗೆ ಹೋಗಿ ಫೋನು ಆರಿಸಿ ಮಲಗಿದೆ. ಬಿಲ್ಲೆ? ಬಿಲ್ಲೆ ‘ಕೆಳಗೆ’ ಹಲಗೆಯಲ್ಲೇ ತೂಗಾಡುತ್ತಿತ್ತು.

ಮಧ್ಯಾಹ್ನ ಬಂಡೆಗೆ ಮದ್ದು ತುಂಬಿ ಆಗಿತ್ತು. ಸಿಡಿಸುವುದೊಂದೇ ಬಾಕಿ. ಇವಳು ಹಲಗೆ ನೋಡಿದಳು. ಒಂದು ಬಿಲ್ಲೆ ಉಳಿದಿದೆ.

‘ನಿಲ್ಸಿ!’

ಅಲ್ಲಿದ್ದ ಒಬ್ಬ ಸಾಹೇಬರು, ಆಗ ಅವರಿಗೆ ತಲೆತುಂಬ ಕೂದಲಿತ್ತು, ಹೆಸರು ಬೇಡ ಬಿಡಿ, ‘ಅವ್ರು ಮರ್ತು ಹೋಗಿರ್ತಾರಮ್ಮ, ಅವರ ಬುದ್ಧಿ ಗೊತ್ತಲ್ವಾ. ಸಿಡಿಸು’ ಎಂದರಂತೆ.

‘ಬಿಲ್ಲೆ ಕೆಳಗಿದ್ರೆ ಮನುಷ್ಯ ಕೆಳಗಿದ್ದಾನೆ, ಸರ್. ನಮ್ಮ ದೊಡ್ಡಪ್ಪನೇ ಹೇಳಿಕೊಟ್ಟಿದ್ದು.’

ನಲವತ್ತು ಜನ ಕೈಕಟ್ಟಿ ನಿಂತರು. ಆರು ಜನ ನನ್ನನ್ನು ಹುಡುಕಲು ಇಳಿದರು. ಮೂರು ಗಂಟೆ! ಕೊನೆಗೆ ಇವಳೇ ಮನೆಗೆ ಓಡಿಬಂದಳು. ಗೊರಕೆ ಕೇಳಿಸಿತಂತೆ. ಬಾಗಿಲಲ್ಲೇ ಕೂತು ಅತ್ತಳು.

ನನಗೆ ಸಿಟ್ಟು ಬಂತು. ‘ನನ್ನ ಒಂದು ಬಿಲ್ಲೆಗೋಸ್ಕರ ಮೂರು ಗಂಟೆ ಕೆಲಸ ನಿಲ್ಸಿದ್ಯಾ? ನಾನು ಧಣಿ ಕಣೇ!’ ಎಂದೆ. ಅವಳು ಮೂಗು ಒರೆಸಿಕೊಂಡು ಎದ್ದು, ‘ಸೋಮವಾರ ಆರು ಗಂಟೆಗೆ ಬನ್ನಿ, ದೊಡ್ಡಪ್ಪ. ಪೊರಕೆ ನಾನು ಕೊಡ್ತೀನಿ’ ಎಂದಳು.

ಫೋಟೋ ತೆಗೆದದ್ದು ಆ ಮಂಗಳವಾರ. ಮಾದರಿ ಧಣಿಯಂತೆ, ಮಾದರಿ! ಅಗೋ, ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ. ನಗು ಮಾರಾಯ್ತಿ, ಒಂಬತ್ತು ವರ್ಷ ತಡೆದುಕೊಂಡಿದ್ದೀಯ.

ಈಗ ಹೇಳಿ ಸಭಿಕರೇ, ಆ ದಿನ ನಾನು ನಿಜವಾಗಿ ಕೆಳಗಿದ್ದಿದ್ದರೆ? ಯಾವುದೋ ಮೂಲೆಯಲ್ಲಿ ಕಾಲು ಮುರಿದುಕೊಂಡು ಕೂತಿದ್ದರೆ? ಆಗ ಮೇಲೆ ಹೊಂದಿಕೊಂಡು ಹೋಗುವವರು ಬೇಕಿತ್ತೇ, ಹಠಮಾರಿ ಬೇಕಿತ್ತೇ? ಐದು ದೇಶಗಳಲ್ಲಿ ನಾನು ಕಂಡದ್ದು ಇಷ್ಟು. ಬಂಡೆ ಕೊರೆಯಲು ಯಂತ್ರವಿದೆ. ಇಳಿದವರನ್ನೆಲ್ಲ ಎಣಿಸಿ ಮೇಲೆ ತರಲು ಹಠ ಬೇಕು. ಅದಕ್ಕಾಗಿಯೇ ನಮ್ಮನ್ನು ಕರೆಯುತ್ತಾರೆ.

ನನ್ನ ಜಾಗಕ್ಕೆ ನನ್ನ ತಮ್ಮನ ಮಗಳು! ಅಧ್ಯಕ್ಷರು ತಲೆ ಆಡಿಸುತ್ತಿದ್ದಾರೆ, ಮೇಲೆ ಕೆಳಗೆ. ಒಪ್ಪಿದರು ಎಂದರ್ಥ. ಬಾ ಮಗಳೇ, ವೇದಿಕೆಗೆ ಬಾ. ಸಂಜೆ ಆ ಕಾಗದಕ್ಕೆ ‘ಇಲ್ಲ’ ಅಂತ ಬರಿ. ನಿನಗೆ ಕೊಡಲೆಂದೇ ನಿನ್ನೆ ಹಲಗೆಯಿಂದ ಬಿಡಿಸಿಕೊಂಡು, ಮನೆಗೊಯ್ದು ಉಜ್ಜಿ ಉಜ್ಜಿ ಹೊಳಪು ಮಾಡಿ ಜೇಬಿನಲ್ಲಿಟ್ಟು ತಂದಿದ್ದೇನೆ. ಇಗೋ, ಒಂದನೇ ನಂಬರಿನ ಬಿಲ್ಲೆ...

ಯಾಕಮ್ಮ, ಹಾಗೆ ಹುಬ್ಬು ಗಂಟಿಕ್ಕಿದೆ?

ಅಯ್ಯೋ. ಬಿಲ್ಲೆ ಹಲಗೆ ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ!

ಸಭಿಕರೇ, ಇನ್ನು ಹೆಚ್ಚು ಮಾತಾಡಲಾರೆ. ಸನ್ಮಾನಿಸಿದ ನಿಮಗೆಲ್ಲ ಧನ್ಯವಾದ. ಅಧ್ಯಕ್ಷರೇ, ಹೊಸ ಧಣಿ ಕೆಲಸ ಶುರು ಮಾಡಿಯಾಯಿತು. ನಿವೃತ್ತಿಯ ಮೊದಲ ಸೋಮವಾರ ಆರು ಗಂಟೆಗೆ ನಾನು ಲ್ಯಾಂಪ್ ರೂಮಿನಲ್ಲಿ ಸಿಗುತ್ತೇನೆ. ಆ ಕಡೆ ಬಂದವರು ದಯವಿಟ್ಟು ಕಾಲು ಒರೆಸಿಕೊಂಡು ಒಳಗೆ ಬನ್ನಿ. ನಮಸ್ಕಾರ.