ಪಟ್ಟಿಯಲ್ಲಿ ಏಳನೇ ಊರು

…ಅಲ್ಲಿ ಬೇಡ, ಆಸೆನ್ ಅವರೇ, ಆ ಕುರ್ಚಿ ಅಲ್ಲಾಡುತ್ತೆ. ಇಲ್ಲಿ, ಕಿಟಕಿ ಹತ್ತಿರ ಬನ್ನಿ. ಅಂದೆನಲ್ಲ, ಅಕ್ಕ ಇನ್ನೂ ಬಂದಿಲ್ಲ. ಹೋದ ಭಾನುವಾರ ಬಾಗಿಲಲ್ಲೇ ನಿಂತು ಹೇಳಿದ್ದೆ, ಇವತ್ತೂ ಅದನ್ನೇ ಹೇಳ್ತಿದೀನಿ. ಮಿಲ್ಕಾ ಬಿಸಿನೀರಿನ ಬುಗ್ಗೆಗೆ ಹೋಗಿದಾಳೆ, ಮಂಡಿನೋವಿಗೆ. ಎರಡು ವಾರ ಅಂದಿದ್ರು ಡಾಕ್ಟ್ರು… ಮೂರಾದರೂ ಆಗಬಹುದು. ಏನು, ಫೋನು ನೋಡ್ತಿದೀರಾ? ಹೌದು, ಅವಳದೇ. ಮರೆತು ಹೋಗಿದಾಳೆ. ಅವಳ ಮರೆವು ನಿಮಗೆ ಗೊತ್ತಿಲ್ವಾ?

ಕೋಟಾದರೂ ತೆಗೀರಿ. ಹೂವು ಕೊಡಿ, ನೀರಲ್ಲಿ ಇಡ್ತೀನಿ. ಬೇಡ್ವಾ? ಸರಿ, ತೊಡೆ ಮೇಲೇ ಇಟ್ಕೊಳ್ಳಿ. ಅವಳಿಲ್ಲದ ದಿನ ಹೂವು ಹಿಡ್ಕೊಂಡು ಬಂದಿದೀರಲ್ಲ, ಇದಕ್ಕೇನು ಹೇಳೋಣ.

ಲಿಂಡನ್ ಹೂವಿನ ಚಹಾ ಮಾಡಲಾ? ನೋಡಿ, ಐದಕ್ಕೆ ಅತಿಥಿಗಳು ಬರ್ತಾರೆ. ಡೆನ್ಮಾರ್ಕಿನ ಗಂಡ ಹೆಂಡತಿ, ಮೂರು ದಿನ ಇರ್ತಾರೆ. ಈಗ ಎಲ್ಲರೂ ಹಾಗೇ, ಮೂರು ದಿನ, ನಾಲ್ಕು ದಿನ, ಒಂದು ಸಣ್ಣ ಪೆಟ್ಟಿಗೆ. ಆ ಪತ್ರಿಕೆಯವರು ಪಟ್ಟಿ ಹಾಕಿದ್ರಲ್ಲ, ಪುಟ್ಟ ರಜೆಗೆ ಯಾರೂ ಹೋಗದ ಯೂರೋಪಿನ ಹತ್ತು ಊರು ಅಂತ, ಅದರಲ್ಲಿ ನಮ್ಮ ರೂಸೆ ಏಳನೇದು. ಯಾರೂ ಹೋಗದ ಊರಂತೆ. ಹುಟ್ಟಿದಾಗಿನಿಂದ ಈ ಡ್ಯಾನ್ಯೂಬ್ ನೀರು ಕುಡ್ಕೊಂಡು ಬಿದ್ದಿದೀವಿ, ನಾವು ಯಾರೂ ಅಲ್ಲ. ಈ ಮಾತಿಗೆ ಅಕ್ಕ ಎಷ್ಟು ನಕ್ಕಿದ್ದಳು… ನೀವೂ ನಗಬಹುದಿತ್ತು.

ನಿಮಗೆ ಇದೆಲ್ಲ ಆಟ. ನಲವತ್ತು ವರ್ಷ ದೋಣಿ ನಡೆಸಿದಿರಿ, ವಿಯೆನ್ನಾವರೆಗೂ ಹೋಗಿ ಬಂದಿರಿ. ನಾನು? ಎಂಟು ವರ್ಷ, ಮನೆ ಮುಂಭಾಗದ ಎರಡು ಕೋಣೆ ಧೂಳು ಹೊಡೆದು ಹಾಸಿಗೆ ಹಾಸಿದ್ದೇ ಬಂತು, ಒಂದು ನರಪಿಳ್ಳೆ ಬಂದು ಮಲಗಲಿಲ್ಲ. ಈಗ ಬರ್ತಿದಾರೆ. ಈಗ ಬೆಳಿಗ್ಗೆ ಏಳೋದಕ್ಕೆ ನನಗೂ ಒಂದು ಕಾರಣ ಇದೆ. 'ದೊನ್ಕಾ, ನಿನ್ನ ಮೆಕಿತ್ಸಾ ತಿಂದು ಸ್ವರ್ಗಕ್ಕೇ ಹೋದೆವು' ಅಂತ ಬರೀತಾರೆ. ಬರೀ ಕರಿದ ಹಿಟ್ಟು, ಮೇಲೆ ಒಂದು ಚಿಟಿಕೆ ಸಕ್ಕರೆ, ಅಷ್ಟಕ್ಕೆ. ಒಬ್ಬರು ಕೆಟ್ಟದಾಗಿ ಬರೆದರೆ ಮಾತ್ರ ಮುಗೀತು ಕಥೆ.

ಆ ಇಟಲಿ ಹೆಂಗಸು ನೆನಪಿದೆಯಾ? ನೀವೂ ಇದ್ದಿರಿ ಅವತ್ತು. ನಮ್ಮ ಬೀದಿ ಬಾಗಿಲುಗಳ ಮೇಲೆಲ್ಲ ಸತ್ತೋರ ಫೋಟೋ ಹಾಕಿದ ಹಾಳೆ ಅಂಟಿಸಿರ್ತೀವಲ್ಲ, ಅದನ್ನ ನೋಡಿ, ಇವರೆಲ್ಲ ಚುನಾವಣೆಗೆ ನಿಂತೋರಾ ಅಂತ ಕೇಳಿದಳು. ನಮ್ಮಪ್ಪನ ಫೋಟೋ ತೋರಿಸಿ, ಇವರು ಗೆಲ್ತಾರೆ, ಮುಖದಲ್ಲೇ ಕಳೆಯಿದೆ ಅಂದಳು. ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳು. ನಿಜ ತಿಳಿದ ಮೇಲೆ ಆ ಹೆಂಗಸಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲವಂತೆ. ಎರಡು ನಕ್ಷತ್ರ ಕೊಟ್ಟು, 'ಮಸಣದ ಮನೆ' ಅಂತ ಬರೆದು ಹೋದಳು. ಅವತ್ತೇ ಚಾಕು ತಗೊಂಡು ಅಪ್ಪನ ಹಾಳೆ ಕೆರೆದು ತೆಗೆದೆ. ಅಕ್ಕ ವಾರಗಟ್ಟಲೆ ಮಾತು ಬಿಟ್ಟಳು. ಈ ಮನೆ ಬಾಗಿಲಿಗೆ ಇನ್ನು ಮೇಲೆ ಅಂಥದ್ದು ಬರಕೂಡದು ಅಂತ ನಾನೂ ಹಟ ಹಿಡಿದೆ. ಅದಕ್ಕೇ ನಮ್ಮ ಬಾಗಿಲು ಬೋಳಾಗಿರೋದು. ಒಳಗೆ ಬರೋವಾಗ ನೀವು ಬಾಗಿಲ ಮೇಲೆ ಕೈ ಆಡಿಸಿದಿರಿ, ನೋಡಿದೆ ನಾನು. ಅಲ್ಲಿ ಏನೂ ಇಲ್ಲ.

ಏನು ಮೂಸ್ತಿದೀರಿ? ಗೋಧಿ. ಗೋಧಿ ಬೇಯ್ತಿದೆ. ಬೇಯಿಸಿದ ಗೋಧಿಯೆಲ್ಲ ಸತ್ತೋರ ಒಂಬತ್ತನೇ ದಿನಕ್ಕೇ ಅಂತ ಏನಿಲ್ಲ, ನಂಗೆ ಬಾಯಿ ಚಪಲ ಆಯ್ತು ಮಾಡ್ದೆ… ಹಾಗೆ ನೋಡಬೇಡಿ. ಕನ್ನಡಿ ಮುಚ್ಚಿದ್ದು ಸಾವಿಗಲ್ಲ, ಒಣಗಲಿ ಅಂತ ಹಾಕಿದ ಮೇಜುಬಟ್ಟೆ ಅದು.

ಹೋದ ವಾರದವರು ಎಂಥ ಒಳ್ಳೆ ಜನ ಅಂತೀರಿ. ಬೆಲ್ಜಿಯಮಿನವರು, ನಾಲ್ಕು ಜನ. ಹೊರಡೋವಾಗ ನನಗೆ ಹೂವು ತಂದ್ರು. ಎಣಿಸಿದೆ, ಹತ್ತು. ಸರಿಸಂಖ್ಯೆ ಹೂವು ನಾವು ಗೋರಿಗೆ ಒಯ್ಯೋದು, ಬದುಕಿರೋರಿಗೆ ಮೂರೋ ಐದೋ ಕೊಡೋದು ಅಂತ ಆ ಪಾಪದವರಿಗೇನು ಗೊತ್ತು? ನಗ್ತಾ ನಗ್ತಾ ತಗೊಂಡೆ. ಅವರ ಕಾರು ಮೂಲೆ ತಿರುಗಿದ ಮೇಲೆ ಒಂದನ್ನ ಎಳೆದು ಕಸಕ್ಕೆ ಹಾಕಿದೆ. ಅತಿಥಿಗಳ ಪುಸ್ತಕದಲ್ಲಿ ಏನು ಬರೆದಿದಾರೆ ಗೊತ್ತಾ? ತಡೀರಿ, ಓದ್ತೀನಿ. 'ಇಷ್ಟು ಶಾಂತವಾದ ಮನೆ ಎಲ್ಲೂ ಕಂಡಿಲ್ಲ. ಮೂರು ದಿನ ಒಂದು ಸದ್ದಿಲ್ಲ.'

ಯಾಕೆ ಎದ್ರಿ? ಹೊರಟ್ರಾ? ಅಕ್ಕ ಬಂದ ಕೂಡಲೇ ಹೇಳಿ ಕಳಿಸ್ತೀನಿ. ನೋಡಿ, ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಅರವತ್ತೆರಡಕ್ಕೆ ಮದುವೆಯೇನೇ ಅಂತ ಅವಳನ್ನ ರೇಗಿಸಿದ್ದು ಹೌದು. ದ್ರಾಕ್ಷಿ ಕೊಯ್ಲಾಗಲಿ, ಆಮೇಲೆ ಆಸೆನ್‌ನ ಭಾವ ಅಂತ ಕರೀಬೇಕು ನೀನು ಅಂತಿದ್ದಳು. ನನ್ನ ನಾಲಿಗೆ ಹೊರಳ್ತಿರಲಿಲ್ಲ. ಅವಳು ಹೋದ್ರೆ ಈ ಮನೇಲಿ ನಾನೊಬ್ಬಳೇ ಅಂತ… ಇರಲಿ ಬಿಡಿ.

ಅದು ಅವಳ ಕುರ್ಚಿ. ಹೂವು ಅಲ್ಲಿ ಯಾಕೆ ಇಡ್ತೀರಿ? ಒಂದು… ಎರಡು… ಒಂದೊಂದಾಗಿ ಯಾಕೆ ಇಡ್ತಿದೀರಿ, ಆಸೆನ್ ಅವರೇ? ಮೂರು. ಸಾಕು. ಮೂರು ಸಾಕು. ಮೂರೇ ತಾನೇ?

ನಾಲ್ಕು.

ಅಂಗಡಿಯವಳು ಎಣಿಸೋದ್ರಲ್ಲಿ ತಪ್ಪಿದಾಳೆ. ನಾನು ಒಂದು ತೆಗೀತೀನಿ. ಕೈ ಬಿಡಿ. ನೋಯುತ್ತೆ, ಬಿಡಿ ಅಂದೆ.

ಅವಳ ಫೋಟೋ ಹಾಕಿದ ಹಾಳೆ ಎಲ್ಲಿ ನೋಡಿದಿರಿ? ಅವಳ ಗಾಯನ ಮಂಡಳಿಯವರು, ಅಲ್ವಾ? ಬಸ್ ನಿಲ್ದಾಣದಲ್ಲಿ ಅಂಟಿಸಿದ್ರಾ? ಬೇಡ, ನಾನೇ ಎಲ್ಲರಿಗೂ ಹೇಳ್ತೀನಿ ಅಂದಿದ್ದೆ ಅವರಿಗೆ. ಹೇಳ್ತಿದ್ದೆ ನಿಮಗೆ, ನಿಜವಾಗ್ಲೂ. ಅತಿಥಿಗಳು ಹೊರಟ ಮೇಲೆ ಹೇಳೋಣ ಅಂದ್ಕೊಂಡೆ. ಅವರು ಹೋದ ಮೇಲೆ ಬೇರೆಯವರು ಬಂದ್ರು. ಹೋದ ಭಾನುವಾರ ನೀವು ಬೆಲ್ ಹೊಡೆದಾಗ ನಾನು ಮಣ್ಣು ಕೊಟ್ಟು ಬಂದು ಇನ್ನೂ ಬೂಟು ಕಳಚಿರಲಿಲ್ಲ. ಬೆಲ್ಜಿಯಮಿನವರು ಬಂಡೆ ಕೊರೆದು ಮಾಡಿದ ಚರ್ಚು ನೋಡೋಕೆ ಹೋಗಿದ್ರು, ಆ ಹೊತ್ತಲ್ಲಿ ಹಿಂದಿನ ಮೆಟ್ಟಿಲಿಂದ ಇಳಿಸಿದ್ವಿ ಅವಳನ್ನ. ಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಳ್ತು. ನೀವು ಬಾಗಿಲಲ್ಲಿ ನಿಂತು 'ಮಿಲ್ಕಾ ತಯಾರಾಗಿದಾಳಾ' ಅಂದಾಗ, ನದಿ ದಂಡೆಗೆ ಹೋಗೋಕೆ ತಯಾರಾಗಿದಾಳಾ ಅಂತ… ನನ್ನ ಬಾಯಿಗೆ ಬಿಸಿನೀರಿನ ಬುಗ್ಗೆ ಬಂತು.

ಕೂತ್ಕೊಳ್ಳಿ. ಅವಳಿಗೆ ಏನೂ ತೊಂದರೆ ಆಗಲಿಲ್ಲ. ನಿದ್ದೆಯಲ್ಲೇ ಹೋದಳು. ಶನಿವಾರ ಬೆಳಿಗ್ಗೆ ಎಬ್ಬಿಸೋಕೆ ಹೋದೆ, ಆಗಲೇ ಮುಗಿದಿತ್ತು.

ಅಂದೆನಲ್ಲ, ನಿದ್ದೆಯಲ್ಲಿ.

ಬಯ್ಯಿರಿ ನನ್ನ. ಹೊಡೀರಿ ಬೇಕಾದ್ರೆ. ಹೀಗೆ ಕಲ್ಲಿನ ಥರ ನಿಂತು ನೋಡಬೇಡಿ, ನನಗೆ ತಡ್ಕೊಳ್ಳೋಕಾಗಲ್ಲ.

…ನಿದ್ದೆಯಲ್ಲಿ ಅಲ್ಲ. ಎದ್ದಿದ್ದಳು. ಹಿಂದಿನ ಕೋಣೆಯಿಂದ ಕೂಗಿದಳು, ದೊನ್ಕಾ, ಎದೆ ಹಿಡೀತಿದೆ, ಆಸೆನ್‌ನ ಕರಿಯೇ ಅಂತ. ಬಾಣಲೆ ಒಲೆ ಮೇಲಿತ್ತು, ನಾಲ್ಕೂ ಜನ ಮೇಜಿನ ಮುಂದೆ ಕೂತಿದ್ರು. ಬಂದೆ ಇರು ಅಂದೆ. ಅವಳಿಗೆ ಆಗಾಗ ಹಾಗಾಗ್ತಿತ್ತು, ನಿಮಗೂ ಗೊತ್ತು. ಮತ್ತೆ ಕೂಗಿದಳು, ನಿಮ್ಮ ಹೆಸರು ಹಿಡಿದೇ. ಎರಡು ಬೀದಿ ಆಚೆ ಇದ್ರಿ ನೀವು. ಒಂದು ಫೋನು ಮಾಡಿದ್ರೆ ಹತ್ತು ನಿಮಿಷದಲ್ಲಿ ಬರ್ತಿದ್ರಿ.

ಬೆಲ್ ಹೊಡೀತು. ಡೆನ್ಮಾರ್ಕಿನವರು… ಹೊಡ್ಕೊಳ್ಳಲಿ, ನಾನು ತೆಗೆಯಲ್ಲ.

ಮೂರನೇ ಸಲ ಜೋರಾಗಿ ಕೂಗಿದಳು. ಆ ಬೆಲ್ಜಿಯಮಿನ ಹೆಂಗಸು ಕತ್ತೆತ್ತಿ, ಯಾರದು ಅಂದಳು. ರೇಡಿಯೋ ಅಂದೆ. ನಕ್ಕೊಂಡೇ ಎದ್ದು ಹೋಗಿ… ಅಕ್ಕನ ಕೋಣೆ ಬಾಗಿಲು ಎಳೆದು ಚಿಲಕ ಹಾಕಿ ಬಂದೆ, ಭಾವ.